ಬಚ್ಚಲಿಗೆ ಹದಿನಾಲ್ಕು ಹೆಜ್ಜೆ

ಹಿರೇಕೆರೂರಿನ ನಮ್ಮ ಮನೆಯಲ್ಲಿ ಬಚ್ಚಲು, ಪಾಯಖಾನೆ ಎರಡೂ ಹಿತ್ತಲಲ್ಲಿವೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಬಯಲು ಅಂಗಳ, ಅದನ್ನು ದಾಟಿಯೇ ಹೋಗಬೇಕು. ಮೇಲೆ ಸೂರಿಲ್ಲ, ಬಿಸಿಲು ಮಳೆ ಎಲ್ಲ ಅಂಗಳಕ್ಕೇ. ಮಾವನವರ ಕಾಲದಲ್ಲಿ ಅಲ್ಲಿ ಕರಿಯ ಫರ್ಸಿಕಲ್ಲು ಹಾಸಿದ್ದರು. ಒರಟು ಕಲ್ಲು. ಸಂದಿಯಲ್ಲಿ ಹುಲ್ಲು ಏಳುತ್ತಿತ್ತು, ಎಷ್ಟು ತಿಕ್ಕಿದರೂ ಹೊಲಸು ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಇಪ್ಪತ್ತೈದು ವರ್ಷ ಆ ಕಲ್ಲನ್ನು ತಿಕ್ಕಿದವಳು ನಾನು. ಹಾಗಾಗಿ ಮನೆ ರಿಪೇರಿಗೆ ತೆಗೆದಾಗ ಹಿತ್ತಲಿಗೂ ಟೈಲ್ಸ್ ಬೇಕೆಂದು ಹಟ ಹಿಡಿದೆ. ಮುಖ ಕಾಣುವಷ್ಟು ಹೊಳೆಯುವ ಬಿಳಿ ಟೈಲ್ಸ್ ಆರಿಸಿದವಳೂ ನಾನೇ. ಒಂದು ಬಕೆಟ್ ನೀರು ಚೆಲ್ಲಿ ಒರೆಸಿದರೆ ಮುಗಿಯಿತು, ಇನ್ನು ಮೇಲೆ ಮೊಣಕಾಲೂರಿ ತಿಕ್ಕುವ ಕೆಲಸವಿಲ್ಲ ಎಂದು ಹಿಗ್ಗಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದ್ದೆಲ್ಲ ಅಲ್ಲಿಂದ ಶುರುವಾಯಿತು.

ಎರಡು ವರ್ಷ ಏನೂ ಆಗಲಿಲ್ಲ. ಮಳೆ ಬಂದಾಗ ಎಲ್ಲರೂ ಹುಷಾರಾಗಿ ಕಾಲಿಡುತ್ತಿದ್ದೆವು, ಅಷ್ಟೇ. ಮೂರನೆಯ ಮಳೆಗಾಲದ ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿಂದ ಚೊಂಬು ಉರುಳಿದ ಸದ್ದು ಬಂತು. ಅದು ಉರುಳಿ ಉರುಳಿ ನಿಂತ ಮೇಲೂ ಯಾರ ದನಿಯೂ ಇಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆ ಅಂಗಳದ ನಡುವೆ ಮಗ್ಗುಲಾಗಿ ಬಿದ್ದಿದ್ದರು. ಎಪ್ಪತ್ತು ದಾಟಿದ ಜೀವ, ನನಗಿಂತ ಎತ್ತರದ ಹೆಂಗಸು, ಹೊಲದಲ್ಲಿ ಆಳುಗಳ ಮುಂದೆ ನಿಂತರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಈಗ ಬಿಳಿ ಟೈಲ್ಸಿನ ಮೇಲೆ ಹಲ್ಲು ಕಚ್ಚಿ ಮಲಗಿದ್ದರು.

"ಮೊದಲ ಸೀರಿ ಸರಿ ಮಾಡು. ಆಮ್ಯಾಲ ಮಂದೀನ್ನ ಕರಿ" ಎಂದರು.

ತೊಡೆಯ ಕೀಲು ಮುರಿದಿತ್ತು. ಹುಬ್ಬಳ್ಳಿಗೆ ಒಯ್ದು ಆಪರೇಶನ್ ಮಾಡಿಸಿ ಇಪ್ಪತ್ತು ದಿನಕ್ಕೆ ಮನೆಗೆ ತಂದೆವು. ವಾಕರ್ ಹಿಡಿದು ಮನೆಯೊಳಗೆ ಓಡಾಡಬಹುದು, ಇನ್ನೊಮ್ಮೆ ಬಿದ್ದರೆ ಮಾತ್ರ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು.

ಆವತ್ತಿನಿಂದ ನನ್ನ ದಿನ ಆ ಅಂಗಳದ ಅಳತೆಗೆ ಇಳಿಯಿತು. ಹಿಂಬಾಗಿಲಿಂದ ಬಚ್ಚಲಿಗೆ ಅತ್ತೆಯ ಹೆಜ್ಜೆಯಲ್ಲಿ ಹದಿನಾಲ್ಕು. ಅವರು ವಾಕರ್ ಊರುತ್ತಿದ್ದರು, ನಾನು ಹಿಂದಿನಿಂದ ಅವರ ಸೊಂಟ ಹಿಡಿಯುತ್ತಿದ್ದೆ. ಮಳೆಯಿರಲಿ ಇಲ್ಲದಿರಲಿ, ಬಚ್ಚಲ ನೀರು ಚೆಲ್ಲಿ ಆ ನೆಲ ಯಾವಾಗಲೂ ಒದ್ದೆಯೇ. ವಾಕರಿನ ರಬ್ಬರು ಸಹ ಜಾರುತ್ತಿತ್ತು. ಹೋಗಲು ಹದಿನಾಲ್ಕು, ಬರಲು ಹದಿನಾಲ್ಕು, ದಿನಕ್ಕೆ ಏಳೆಂಟು ಸಲ. ಯಾವ ಹೊತ್ತಿಗೆ ಕರೆಯುತ್ತಾರೋ ತಿಳಿಯದು. ಹೀಗಾಗಿ ಕಿರಾಣಿ ಅಂಗಡಿಗೆ ಹೋದರೂ ಓಡಿ ಬರಬೇಕು. ರಟ್ಟೀಹಳ್ಳಿಯಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದೆ, ಅದನ್ನು ಬಿಟ್ಟೆ. ಸವಣೂರಿನಲ್ಲಿ ತಂಗಿಯ ಬಸುರಿ ಮಗಳಿಗೆ ಕುಪ್ಪಸದ ಕಾರ್ಯ ಆಯಿತು, ನಾನು ಹೋಗಲಿಲ್ಲ. ಫೋನಿನಲ್ಲಿ ಫೋಟೊ ನೋಡಿದೆ.

ಅತ್ತೆಗೂ ಇದು ಸೆರೆಯೇ. ಯಾರ ಕೈಯನ್ನೂ ಹಿಡಿದು ಬಾಳಿದವರಲ್ಲ. "ಕೈ ಬಿಡು, ನಾ ಹೊಕ್ಕೇನಿ" ಎಂದು ಬಾಗಿಲಲ್ಲಿ ಗದರುತ್ತಿದ್ದರು. ಒಂದು ಹೆಜ್ಜೆ ಇಟ್ಟು ನೆಲದ ಹೊಳಪು ನೋಡಿದ ಕೂಡಲೆ ಅವರ ಬೆರಳು ನನ್ನ ಮಣಿಕಟ್ಟನ್ನು ಹುಡುಕುತ್ತಿದ್ದವು. ಹಿಡಿತ ಎಷ್ಟು ಬಿಗಿಯಿರುತ್ತಿತ್ತೆಂದರೆ ಬಳೆ ಒತ್ತಿ ಗುರುತು ಮೂಡುತ್ತಿತ್ತು. ಟೈಲ್ಸ್ ಆರಿಸಿದ್ದು ನೀನೇ ಎಂದು ಅವರು ಬಾಯಿ ಬಿಟ್ಟು ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತೇನೋ. ಬೈಗುಳಕ್ಕೆ ಉತ್ತರ ಕೊಡಬಹುದು, ಬಿಗಿಹಿಡಿದ ಮುಷ್ಟಿಗೆ ಏನು ಹೇಳುವುದು?

ನನ್ನ ಗಂಡ ಗೋವಿನಜೋಳದ ವ್ಯಾಪಾರದವರು. ಮುಂಜಾನೆ ಹೋದರೆ ಸಂಜೆಗೇ ಮನೆ. ನೆಲ ಬದಲಿಸೋಣ ಎಂದಾಗ ಅವರಿಗೆ ಅರ್ಥವೇ ಆಗಲಿಲ್ಲ.

"ಇನ್ನೂ ಹೊಸಾವು ಅದಾವ. ಒಂದರ ಒಡದೈತೇನು? ಗೋಣಿಚೀಲ ಹಾಸು, ಜಾರೂದಿಲ್ಲ."

ಹಾಸಿದೆ. ಒದ್ದೆಯಾದ ಚೀಲ ಟೈಲ್ಸಿನ ಮೇಲೆ ಕಾಲಿನ ಜೊತೆಗೇ ಸರಿಯಿತು. ನಾನು ಹಿಡಿದಿರದಿದ್ದರೆ ಅತ್ತೆ ಆವತ್ತೇ ಮತ್ತೆ ಬೀಳುತ್ತಿದ್ದರು. ಆಮೇಲೆ ಗಂಡ ರಬ್ಬರ್ ಚಾಪೆ ತಂದರು. ಅದರ ಅಂಚಿಗೆ ವಾಕರಿನ ಕಾಲು ಸಿಕ್ಕಿಕೊಳ್ಳುತ್ತಿತ್ತು. ಅದನ್ನೂ ಎತ್ತಿಟ್ಟೆ.

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ದಿನ ಅತ್ತೆಗೆ ಚಳಿಜ್ವರ ಬಂದು ಮಾತು ತೊದಲತೊಡಗಿತು. ಊರಿನ ಡಾಕ್ಟರು ಮನೆಗೇ ಬಂದರು. ನೋಡಿ, ಮೂತ್ರಕ್ಕೆ ಸೋಂಕು ತಗಲಿದೆ ಎಂದರು. "ಅಜ್ಜಿ ನೀರ ಕುಡೀತಾರೋ ಇಲ್ಲೋ?" ಎಂದು ನನ್ನನ್ನು ಕೇಳಿದರು. ಕುಡಿಯುತ್ತಾರೆ, ದಿನಾ ಎರಡು ಚೊಂಬು ಮಂಚದ ಹತ್ತಿರ ಇಡುತ್ತೇನೆ, ಖಾಲಿಯಾಗಿರುತ್ತದೆ ಎಂದೆ.

ಮರುದಿನ ಅವರ ಕೋಣೆಯ ಕಿಟಕಿ ಒರೆಸುವಾಗ ಹೊರಗಿನ ಗೋಡೆಯ ಮೇಲೆ ಉದ್ದಕ್ಕೆ ನೀರಿಳಿದ ಕಲೆ ಕಂಡಿತು. ಕೆಳಗೆ ಮಣ್ಣು ಹಸಿಯಾಗಿತ್ತು. ಅತ್ತೆ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದರು. ತಿರುಗಿ ನೋಡಿದೆ. ಅವರು ಎಚ್ಚರವಾಗಿಯೇ ಇದ್ದರು, ನಾನು ಕಂಡದ್ದನ್ನೂ ಕಂಡಿದ್ದರು.

"ಯಾಕ್ರಿ ಅತ್ತಿ, ಹಿಂಗ್ಯಾಕ ಮಾಡಿದ್ರಿ?"

ಅತ್ತೆ ಹೇಳಿದರು: "ಕುಡದ್ರ ಹೋಗಬೇಕಲ್ಲ. ಎಷ್ಟ ಸಲ ನಿನ್ನ ಕರೀಲಿ? ಕರದಾಗೊಮ್ಮೆ ನಿನ್ನ ಮಾರಿ ನೋಡತೇನಿ ನಾ."

ನನ್ನ ಮುಖದಲ್ಲಿ ಅವರು ಏನು ನೋಡಿದ್ದರೆಂದು ನನಗೆ ಗೊತ್ತು. ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಂತುಬಿಟ್ಟೆ. ಆ ಸಂಜೆ ಗಂಡನಿಗೆ ಚಹಾ ಕೊಡುವ ಮೊದಲೇ ಹೇಳಿದೆ, "ನಿಮ್ಮವ್ವ ನೀರ ಬಿಟ್ಟಾರ. ನೆಲಕ್ಕ ಹೆದರಿ ನೀರ ಬಿಟ್ಟಾರ. ನೀವು ಒಡಸಲಿಲ್ಲಂದ್ರ ನಾಳೆ ನಾನ ಸುತ್ತಿಗಿ ತಗೋತೇನಿ." ಅವರು ತಾಯಿಯ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದರು. ಒಳಗೆ ಏನು ಮಾತಾಯಿತೋ ಕೇಳಲಿಲ್ಲ. ಬಂದವರು, "ಟೈಲ್ಸ್ ನೋಡಾಕ ಯಾವಾಗ ಹೋಗೋಣು?" ಎಂದರು.

ದುಂಡಸಿಗೆ ಕೊಟ್ಟಿರುವ ನಾದಿನಿ ಒಂದು ದಿನದ ಮಟ್ಟಿಗೆ ಬಂದು ತಾಯಿಯ ಹತ್ತಿರ ಕೂತಳು. ನಾವಿಬ್ಬರೂ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಐದು ತಿಂಗಳ ಮೇಲೆ ಊರಾಚೆ ಕಾಲಿಟ್ಟಿದ್ದೆ. ಹೊಲಗಳಲ್ಲಿ ತೆನೆ ಮುರಿಯುತ್ತಿದ್ದರು. ಅದನ್ನು ನೋಡುವ ಬದಲು ನಾನು ಫೋನು ಕೈಯಲ್ಲಿ ಹಿಡಿದು, ನಾದಿನಿಗೆ ಬಚ್ಚಲ ಹಾದಿಯಲ್ಲಿ ಹೇಗೆ ಹಿಡಿಯಬೇಕೆಂದು ಮತ್ತೆ ಮತ್ತೆ ಹೇಳುತ್ತಿದ್ದೆ.

ಶಿಗ್ಗಾವಿಯಲ್ಲಿ ಹೈವೇ ಪಕ್ಕದ ದೊಡ್ಡ ಅಂಗಡಿಗೆ ಮೊದಲು ಹೋದೆವು. ಗೋಡೆ ತುಂಬ ಟೈಲ್ಸ್ ನಿಲ್ಲಿಸಿದ್ದರು. ಹೊರಗಿನ ಅಂಗಳಕ್ಕೆ, ಜಾರದಂಥವು ಬೇಕು ಎಂದೆ. ಅಂಗಡಿಯವನು ಹೊಳಪಿಲ್ಲದ ಒಂದನ್ನು ತೆಗೆದು ಮುಂದಿಟ್ಟ.

"ಮ್ಯಾಟ್ ಫಿನಿಶ್ ಅದಾವ ನೋಡ್ರಿ ಅಕ್ಕಾರ. ಇವು ಜಾರೂದ ಇಲ್ಲ."

"ನೀರ ಬಿದ್ರ?"

"ಏನೂ ಆಗಂಗಿಲ್ರಿ."

"ಸೋಪಿನ ನೀರ ಬಿದ್ರ?"

ಅವನು ನನಗೆ ಉತ್ತರಿಸದೆ ನನ್ನ ಗಂಡನ ಕಡೆ ನೋಡಿ ನಕ್ಕ. ನಾನು ಚೀಲದಿಂದ ನೀರಿನ ಬಾಟಲಿ ತೆಗೆದೆ. ಜೊತೆಗೆ ಒಂದು ಸೋಪಿನ ತುಂಡನ್ನೂ ಕಾಗದದಲ್ಲಿ ಸುತ್ತಿ ತಂದಿದ್ದೆ. ಟೈಲ್ಸನ್ನು ನೆಲಕ್ಕಿಟ್ಟು, ನೀರು ಹಾಕಿ, ಸೋಪು ಸವರಿ, ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒತ್ತಿದೆ. ಕಾಲು ಸರ್ರನೆ ಮುಂದೆ ಹೋಯಿತು. ನನ್ನ ಗಂಡ ತೋಳು ಹಿಡಿದು ನಿಲ್ಲಿಸಿದರು. ಆಚೆ ಯಾರೋ ಗಿರಾಕಿಗಳು ತಿರುಗಿ ನೋಡಿದರು.

"ಸಾಕ ನಡಿ, ಮಂದಿ ನೋಡಾಕತ್ತಾರ" ಎಂದು ಇವರು ಪಿಸುಗುಟ್ಟಿದರು.

ಮ್ಯಾಟ್ ಎಂದರೆ ಹೊಳೆಯುವುದಿಲ್ಲ ಎಂದಷ್ಟೇ ಅರ್ಥ, ಜಾರುವುದಿಲ್ಲ ಎಂದಲ್ಲ. ಅದನ್ನು ತಿಳಿಯಲು ನನಗೆ ಶಿಗ್ಗಾವಿಯ ತನಕ ಬರಬೇಕಾಯಿತು. ಅಲ್ಲಿ ಇನ್ನೂ ಮೂರು ನೋಡಿದೆ. ಪ್ರತಿಯೊಂದಕ್ಕೂ ಅವನು ಅದೇ ಮಾತು ಹೇಳಿದ. ಮೂರು ವರ್ಷದ ಹಿಂದೆ ಬಿಳಿ ಟೈಲ್ಸ್ ಮಾರಿದವನೂ ಹೀಗೇ ನಗುನಗುತ್ತ ಹೇಳಿದ್ದ, ನಾನು ತಲೆಯಾಡಿಸಿದ್ದೆ. ಈಗ ನನ್ನ ಕಣ್ಣಿನ ಮೇಲೇ ನನಗೆ ನಂಬಿಕೆ ಇರಲಿಲ್ಲ. ಯಾವುದನ್ನು ನೋಡಿದರೂ ಅದರ ಮೇಲೆ ಅತ್ತೆ ಮಗ್ಗುಲಾಗಿ ಬಿದ್ದದ್ದೇ ಕಾಣುತ್ತಿತ್ತು.

ಬರುವಾಗ ಹಾನಗಲ್ಲಿನ ಮೇಲೆ ಬಂದೆವು. ಅಲ್ಲಿ ಒಂದು ಸಣ್ಣ ಅಂಗಡಿ. ವಯಸ್ಸಾದ ಮಾಲೀಕರು ಒಬ್ಬರೇ ಕೂತಿದ್ದರು. ನಾನು ಬಾಟಲಿ ತೆಗೆದದ್ದನ್ನು ನೋಡಿ ಅವರು ನಗಲಿಲ್ಲ, ಎದ್ದುಹೋಗಿ ಒಂದು ಮಗ್ಗಿನಲ್ಲಿ ನೀರು ತಂದುಕೊಟ್ಟರು. ಯಾರು ಬಿದ್ದರು ಎಂದು ಕೇಳಿದರು. ಹೇಳಿದೆ.

"ಪೆಟ್ಟಿಗಿ ಮ್ಯಾಲ ಆರ್ ಅಂತ ಬರದು ಒಂದು ನಂಬರ್ ಹಾಕಿರ್ತಾರ್ರಿ ತಾಯಿ. ಒಂಬತ್ತು, ಹತ್ತು ಇದ್ರ ಮನಿ ಒಳಗ. ಮಳಿ ಬೀಳೂ ಜಾಗಕ್ಕ ಹನ್ನೊಂದರ ಇರಬೇಕು. ಆದ್ರ ಆ ನಂಬರ್ ಬೂಟ್ ಹಾಕ್ಕೊಂಡು ಅಳದದ್ದು. ನಿಮ್ಮತ್ತಿ ಬೂಟ್ ಹಾಕತಾರೇನು?"

"ಬರಿಗಾಲಿಲೆ ಅಡ್ಡಾಡ್ತಾರ್ರಿ."

"ಹಂಗಾದ್ರ ಮೂರ ತುಂಡ ಕೊಡತೇನಿ, ಒಯ್ರಿ. ಅವರ ಕಾಲಿಗೇ ಹಚ್ಚಿ ನೋಡ್ರಿ. ಅವರು ಹೇಳಿದ್ದ ಖರೆ."

ಆಮೇಲೆ ಒಂದು ಟೈಲ್ಸನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ನಾಲ್ಕು ಹನಿ ನೀರು ಬಿಟ್ಟರು. ಪಕ್ಕದಲ್ಲಿ ಇನ್ನೊಂದು ಜಾತಿಯದನ್ನಿಟ್ಟು ಅದಕ್ಕೂ ಬಿಟ್ಟರು. ಎರಡನೆಯದು ನೀರನ್ನು ಹೀರಿಕೊಂಡಿತು. ಮೊದಲನೆಯದರ ಮೇಲೆ ಹನಿ ಹಾಗೇ ನಿಂತಿತ್ತು. "ಇದು ಪೋರ್ಸಲೀನ್. ನೀರ ಕುಡಿಯೂದಿಲ್ಲ. ಬಯಲಾಗ ಇದ ತಡಕೊಳ್ಳೂದು" ಎಂದರು. ನೀರು ಕುಡಿಯುವುದಿಲ್ಲ ಎಂಬ ಮಾತು ಕೇಳಿ ನನ್ನ ಗಂಡ ನನ್ನ ಮುಖ ನೋಡಿದರು, ಆಮೇಲೆ ಹೊರಗೆ ಹೋಗಿ ಕಾರಿನ ಹತ್ತಿರ ನಿಂತರು.

ಮಾರನೆಯ ದಿನ ಹಿಂಬಾಗಿಲ ಹತ್ತಿರ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆ. ಮೂರು ತುಂಡನ್ನೂ ಅವರ ಕಾಲ ಬಳಿ ಇಟ್ಟು ಸೋಪಿನ ನೀರು ಹಾಕಿದೆ. ಮೊದಲನೆಯದು ತೀರ ಒರಟು. ಅತ್ತೆ ಕಾಲುಜ್ಜಿ ಮುಖ ಕಿವುಚಿದರು.

"ಇದು ಅಂಗಾಲ ಸುಲೀತೈತಿ. ಮೊದಲ ತೊಗಲ ತಳ್ಳಗಾಗೇತಿ."

ಎರಡನೆಯದು ಕಪ್ಪು ಬೂದು ಬಣ್ಣದ್ದು. ನಾನು ಕಾಲಿಟ್ಟು ನೋಡಿದಾಗ ಚೆನ್ನಾಗಿ ಹಿಡಿಯಿತು, ನನಗೆ ಬಣ್ಣವೂ ಹಿಡಿಸಿತ್ತು. ಅತ್ತೆ ಮಾತ್ರ ಅದರ ಮೇಲೆ ಇಡುವ ಮೊದಲೇ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. "ಇಲ್ಲಿ ತೆಗ್ಗ ಕಂಡಂಗಾಗತೈತಿ" ಎಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಒದ್ದೆಯಾದ ಕಪ್ಪು ನೆಲ ಅವರಿಗೆ ಗುಂಡಿಯಾಗಿ ಕಾಣುತ್ತಿತ್ತು. ನಾನೊಬ್ಬಳೇ ಆರಿಸಿದ್ದರೆ ಅದನ್ನೇ ತರುತ್ತಿದ್ದೆ.

ಮೂರನೆಯದು ಒಣಗಿದ ಜೋಳದ ಕಣಿಕೆಯ ಬಣ್ಣದ್ದು, ಕಲ್ಲಿನ ಹಾಗೆ ಸಣ್ಣ ಸಣ್ಣ ಉಬ್ಬು ತಗ್ಗು. ಅತ್ತೆ ಕಾಲಿಟ್ಟು, ಒತ್ತಿ, ಹಿಂದೆ ಮುಂದೆ ಉಜ್ಜಿದರು. ಇನ್ನಷ್ಟು ಸೋಪು ಹಾಕು ಎಂದರು. ಹಾಕಿದೆ. ಕಾಲು ನಿಂತಲ್ಲೇ ನಿಂತಿತ್ತು.

"ಇದನ್ನ ತರಿಸ್ಲೇನ್ರಿ?"

"ನನ್ನೇನ ಕೇಳ್ತಿ? ಮೊದಲೂ ನೀನ ಆರಿಸಿದಿ. ಈಗೂ ನೀನ ಆರಿಸು."

ಐದು ತಿಂಗಳಿಂದ ಕಾದಿದ್ದ ಮಾತು ಅದು. ಬಂದೇಬಂತು. ನಾನು ತುಂಡುಗಳನ್ನು ತೊಳೆದು ಗೋಡೆಗೆ ಒರಗಿಸಿದೆ. ಮೂರನೆಯದನ್ನೇ ಹೇಳಿ ಕಳಿಸಿದೆ.

ಗೌಂಡಿ ರಟ್ಟೀಹಳ್ಳಿಯವನು. ಹಳೆಯದರ ಮೇಲೆಯೇ ಹಾಕಿದರೆ ನೆಲ ಹೊಸ್ತಿಲಿನ ಸಮಕ್ಕೆ ಬಂದು ಮಳೆನೀರು ಒಳಗೆ ಬರುತ್ತದೆ, ಒಡೆದೇ ಹಾಕಬೇಕು ಎಂದ. ಮೊದಲ ಏಟು ಬಿದ್ದಾಗ ನಾನು ಅಲ್ಲೇ ನಿಂತಿದ್ದೆ. ಬಿಳಿ ಚೂರುಗಳು ಹಾರಿದವು. ಅರ್ಧ ಒಡೆದ ಮೇಲೆ ಅವನು ಕೈ ತೋರಿಸಿದ, "ನೋಡ್ರಿ ಅಕ್ಕಾರ, ಇಳಿಜಾರ ಉಲ್ಟಾ ಐತಿ. ನೀರೆಲ್ಲ ಬಚ್ಚಲ ಬಾಗಲಕ್ಕ ಬಂದು ನಿಂದರತಿತ್ತು. ನೀರ ನಿಂತ್ರ ಎಂಥಾ ಟೈಲ್ಸ್ ಹಾಕಿದ್ರೂ ಅಷ್ಟ." ತಪ್ಪೆಲ್ಲ ನನ್ನ ಆಯ್ಕೆಯದೇ ಎಂದುಕೊಂಡಿದ್ದವಳಿಗೆ ಆ ಮಾತು ಸ್ವಲ್ಪ ಉಸಿರಾಡಲು ಜಾಗ ಕೊಟ್ಟಿತು. ಸ್ವಲ್ಪವೇ.

ಒಡೆದು, ಇಳಿಜಾರು ಸರಿಮಾಡಿ, ಹಾಸಿ, ಸಂದಿ ತುಂಬಿ ಒಣಗಲು ಎಂಟು ದಿನ ಬೇಕಾಯಿತು. ಆ ಎಂಟು ದಿನ ಅತ್ತೆ ಅಂಗಳ ದಾಟುವಂತಿರಲಿಲ್ಲ. ನಡುವೆ ತೂತಿರುವ ಕುರ್ಚಿಯೊಂದನ್ನು ತಂದು ಅವರ ಕೋಣೆಯಲ್ಲೇ ಇಟ್ಟೆವು. ಮೊದಲ ದಿನ ಮಧ್ಯಾಹ್ನದ ತನಕ ತಡೆದುಕೊಂಡು ಕೂತರು. ಕೊನೆಗೆ ನಾನು ಬಾಗಿಲು ಹಾಕಿ, ಎಬ್ಬಿಸಿ ಕೂರಿಸಿದೆ. ಅವರು ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಬಕೆಟ್ ಹೊತ್ತು ಮುಂಬಾಗಿಲಿಂದ ಹೋಗಿ ಮನೆ ಸುತ್ತಿ ಪಾಯಖಾನೆಗೆ ಸುರಿದು ಬಂದೆ. ಬಂದಾಗಲೂ ಸೆರಗು ಹಾಗೇ ಇತ್ತು.

ನಾಲ್ಕನೆಯ ದಿನವೋ ಐದನೆಯ ದಿನವೋ, ನಾನು ಅವರ ಕಾಲು ಒರೆಸುತ್ತಿದ್ದಾಗ ಸೆರಗಿನ ಒಳಗಿಂದಲೇ ಮಾತು ಬಂತು.

"ಆ ಬಿಳೇವು ತಂದಾಗ ನಾನೂ ಚಂದ ಅದಾವ ಅಂದಿದ್ದೆ. ನೆನಪೈತೇನು ನಿನಗ?"

ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಅವರು ನಿಜವಾಗಿ ಅಂದಿದ್ದರೋ, ನನಗಾಗಿ ಹೇಳಿದರೋ, ಕೇಳುವ ಧೈರ್ಯ ಆಗಲಿಲ್ಲ. "ಹೌದ್ರಿ" ಎಂದೆ. ಅವರು ಸೆರಗು ತೆಗೆದು, "ನೀರ ಕೊಡು" ಎಂದರು. ಒಂದು ಚೊಂಬು ತುಂಬ ನನ್ನ ಕಣ್ಣೆದುರಿಗೇ ಕುಡಿದರು.

ಕೆಲಸ ಮುಗಿದು ಹತ್ತು ದಿನಕ್ಕೆ ಅಕಾಲದ ಮಳೆ ಬಂತು. ಬಿರುಸು ಮಳೆ. ನಿಂತ ಕೂಡಲೆ ಅತ್ತೆ ವಾಕರ್ ಎಳೆದುಕೊಂಡು ಹಿಂಬಾಗಿಲಿಗೆ ಬಂದರು. ನಾನು ಎದ್ದೆ.

"ನೀ ಅಲ್ಲೇ ಇರು" ಎಂದರು.

ಇದ್ದೆ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ನೀರು ಮೋರಿಯ ಕಡೆ ಹರಿದುಹೋಗಿತ್ತು. ಅವರು ಒಂದೊಂದೇ ಹೆಜ್ಜೆ ಇಟ್ಟರು, ನಡುವೆ ನಿಂತು ಕಾಲನ್ನು ಬೇಕೆಂದೇ ಜಾರಿಸಿ ನೋಡಿದರು, ಮತ್ತೆ ನಡೆದರು. ಬಚ್ಚಲ ಬಾಗಿಲು ಹಾಕಿಕೊಂಡ ಸದ್ದು ಬಂದಾಗ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಳು ಬಂತು. ಸಂತೋಷಕ್ಕೋ ದಣಿವಿಗೋ ತಿಳಿಯಲಿಲ್ಲ.

ಅಲ್ಲಿಗೆ ಬಿಡುಗಡೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಿಡಿತವಿರುವ ಟೈಲ್ಸ್ ಹೊಲಸನ್ನೂ ಹಿಡಿಯುತ್ತದೆ. ಸೋಪಿನ ಜಿಡ್ಡು, ಮಣ್ಣು, ಪಾಚಿ ಎಲ್ಲ ಆ ಸಣ್ಣ ತಗ್ಗುಗಳಲ್ಲಿ ಕೂತುಕೊಳ್ಳುತ್ತವೆ. ಬಿಟ್ಟರೆ ಅದೇ ಜಾರತೊಡಗುತ್ತದೆ. ಹೀಗಾಗಿ ನಾಲ್ಕು ದಿನಕ್ಕೊಮ್ಮೆ ಗಟ್ಟಿ ಬ್ರಶ್ ಹಿಡಿದು ಮೊಣಕಾಲೂರಿ ತಿಕ್ಕುತ್ತೇನೆ. ರಟ್ಟೀಹಳ್ಳಿಯಲ್ಲಿ ನನ್ನ ಜಾಗಕ್ಕೆ ಬೇರೊಬ್ಬಾಕೆ ಬಂದಿದ್ದಾಳೆ, ಹುಡುಗಿಯರಿಗೆ ಅವಳೇ ಒಗ್ಗಿಹೋಗಿದ್ದಾಳೆ.

ಮೂರು ತಿಂಗಳ ಮೇಲೆ ಸವಣೂರಿಗೆ ಹೊರಟೆ. ಎರಡು ದಿನ ಇದ್ದು ಬಾ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು. ಹಾವೇರಿಯಲ್ಲಿ ಬಸ್ಸು ಬದಲಿಸಿ ತಂಗಿಯ ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ಅವಳು ನನಗಿಷ್ಟವೆಂದು ಖಾರ ಚುರಮುರಿ ಮಾಡಿಟ್ಟಿದ್ದಳು. ತಿನ್ನುತ್ತ ಕೂತೆ, ಮಾತಾಡಿದೆವು. ಹನ್ನೆರಡಕ್ಕೆ ಅತ್ತೆ ಬಚ್ಚಲಿಗೆ ಹೋಗುವ ಹೊತ್ತು ಎಂದು ಕಣ್ಣು ಗಡಿಯಾರದ ಕಡೆ ಹೋಯಿತು. ಎರಡು ಗಂಟೆಗೆ ಮತ್ತೆ. "ಗಡಿಯಾರ ನೋಡೂದ ಬಿಡ ಅಕ್ಕ" ಎಂದಳು ತಂಗಿ. ಬಿಡಲಾಗಲಿಲ್ಲ. ನನ್ನ ಕೈ ಖಾಲಿಯಿತ್ತು, ಯಾರೂ ಹಿಡಿದಿರಲಿಲ್ಲ, ಅದೇ ತಳಮಳ. ಮೂರು ಗಂಟೆಯ ಬಸ್ಸಿಗೆ ಚೀಲ ಎತ್ತಿಕೊಂಡು ಬಂದುಬಿಟ್ಟೆ. ತಂಗಿ ಮುನಿಸಿಕೊಂಡೇ ನಿಲ್ದಾಣದ ತನಕ ಬಂದಳು.

ಮನೆಗೆ ಬಂದಾಗ ಅತ್ತೆ ಹಿತ್ತಲ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಸಂಜೆಯ ಗಾಳಿಗೆ ಕೂತಿದ್ದರು. ನನ್ನನ್ನೂ ಚೀಲವನ್ನೂ ನೋಡಿದರು.

"ಯಾಕ ಇಷ್ಟ ಲಗೂ ಬಂದಿ?"

"ನಿಮಗ ತ್ರಾಸ ಆಗಬಾರದಂತ ಬಂದೆರಿ."

"ನನಗೇನ ತ್ರಾಸಾಗೇತಿ? ನಾಕ ಸಲ ಹೋಗಿ ಬಂದೇನಿ, ಮೂರ ಚೊಂಬ ನೀರ ಕುಡದೇನಿ. ಬಿಡಾಕ ಆಗದ್ದು ನಿನಗ."

ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಪಕ್ಕದ ಮೆಟ್ಟಿಲು ತೋರಿಸಿ ಕೂರಲು ಹೇಳಿದರು. ಕೂತೆ. ಮಾವನವರು ತೀರಿಕೊಂಡ ಮೇಲೆ ತಾವು ಎರಡು ವರ್ಷ ದಿನಾ ಮಧ್ಯಾಹ್ನ ಒಂದು ಗಂಟೆಗೆ, ಅವರು ಉಣ್ಣುತ್ತಿದ್ದ ಹೊತ್ತಿಗೆ, ಅವರ ತಾಟು ತೊಳೆದಿಡುತ್ತಿದ್ದುದನ್ನು ಹೇಳಿದರು. ನನಗೆ ಅದು ಗೊತ್ತೇ ಇರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಇದ್ದೆವು.

"ಆಮ್ಯಾಲ ಹೆಂಗ ಬಿಟ್ರಿ?" ಎಂದು ಕೇಳಿದೆ.

"ಬಿಡಲಿಲ್ಲ. ಒಂದಿನ ಮರತೆ. ಮರತದ್ದು ಸಂಜೀಮುಂದ ನೆನಪಾತು."

ಆ ಮಾತಾದ ಮೇಲೆ ಮತ್ತೊಂದು ಸಲ ಸವಣೂರಿಗೆ ಹೋಗಿ ಬಂದಿದ್ದೇನೆ. ಆ ಸಲವೂ ಗಡಿಯಾರ ನೋಡಿದೆ, ಆದರೆ ಒಂದು ರಾತ್ರಿ ಉಳಿದೆ. ಈಗ ಹೊಲಿಗೆ ಮಷಿನ್ನನ್ನು ಒಳಕೋಣೆಯಿಂದ ಹಿಂಬಾಗಿಲ ಹತ್ತಿರ ಸರಿಸಿಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತೇನೆ. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಕೇಳಿದವರಿಗೆ ಹೇಳುತ್ತೇನೆ. ಅತ್ತೆ ಅಂಗಳ ದಾಟುವಾಗ ನನ್ನ ಕಾಲು ತಾನಾಗಿಯೇ ಪೆಡಲಿನ ಮೇಲೆ ನಿಂತುಬಿಡುತ್ತದೆ. ಅವರು ತಿರುಗಿ ನೋಡದೆಯೇ, "ನಿಂದ ನೀ ಹೊಲಿ" ಎನ್ನುತ್ತಾರೆ.